ಕರಿಯನಿಗೊಂದು ಜಾಗ

ನನ್ನ ಹೆಸರು ಮೌನ. ಹೆಸರಿಟ್ಟ ಸೋದರತ್ತೆ ಇವತ್ತಿಗೂ ಅದನ್ನು ನೆನೆದು ನಗುತ್ತಾರೆ. ಚೆನ್ನೈನ ಅಡ್ಯಾರಿನ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ನಾನು ಪಾಠ ಮಾಡಿದರೆ ಪಕ್ಕದ ಕ್ಲಾಸಿನವರಿಗೂ ಲೆಕ್ಕ ಬರುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ತಮಾಷೆ ಮಾಡುತ್ತಾರೆ. ಕೋಪ ಮೂಗಿನ ತುದಿಯಲ್ಲೇ ಇರುವ ಹೆಂಗಸು ನಾನು. ಕರಿಯನ ವಿಷಯ ಹೇಳಲು ಕೂತರೆ ಈಗಲೂ ಮೊದಲು ಬರುವುದು ಸಿಟ್ಟೇ, ಅಳು ಆಮೇಲೆ.

ಕರಿಯ ನನ್ನ ಅತ್ತೆ ಬೋರಮ್ಮನವರ ನಾಯಿ. ಜಾತಿ ಗೀತಿ ಏನಿಲ್ಲ, ನಾಗಮಂಗಲದ ಕಡೆಯ ಹಳ್ಳಿ ನಾಯಿ. ಮೈಮೇಲೆ ಎಲ್ಲಿ ಹುಡುಕಿದರೂ ಒಂದು ಬಿಳಿ ಕೂದಲಿಲ್ಲ. ನನ್ನ ಗಂಡ ಮಂಜುನಾಥನಿಗೆ ಎಣ್ಣೂರಿನ ವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರ್ ಕೆಲಸವಾಗಿ, ನಾವು ವೇಲಚೇರಿಯಲ್ಲಿ ನೆಲಮಟ್ಟದ ಮನೆಯೊಂದನ್ನು ಬಾಡಿಗೆಗೆ ಹಿಡಿದಾಗ ಅತ್ತೆಯನ್ನೂ ಕರೆದೆವು. "ಅವ್ನು ಬಂದ್ರೆ ನಾನು ಬತ್ತೀನಿ. ಇಲ್ದಿದ್ರೆ ನಿಮ್ ದಾರಿ ನಿಮ್ಗೆ" ಅಂದರು. ರೈಲಿನಲ್ಲಿ ಅವರಿಗೆ ಸೀಟು ಕಾದಿರಿಸಿದ್ದೆವು, ಅದನ್ನು ಬಿಟ್ಟುಬಿಟ್ಟರು. ಸಾಮಾನಿನ ಲಾರಿಯಲ್ಲಿ ಬೀರುವಿಗೂ ಹಾಸಿಗೆ ಸುರುಳಿಗೂ ನಡುವೆ ನಾಯಿಯನ್ನು ತಬ್ಬಿಕೊಂಡು ಚೆನ್ನೈಗೆ ಬಂದಿಳಿದರು.

ಇದು ಬರೀ ಪ್ರೀತಿಯಾಗಿದ್ದರೆ ನಾನು ಜಗಳವಾಡಿ ಗೆದ್ದುಬಿಡುತ್ತಿದ್ದೆ. ಅವರ ಮನೆದೇವರು ಭೈರಪ್ಪ, ಭೈರಪ್ಪನ ವಾಹನ ನಾಯಿ. ಮಂಜುವಿಗಿಂತ ಮೊದಲು ಹುಟ್ಟಿದ ಮೂರು ಮಕ್ಕಳಲ್ಲಿ ಒಂದೂ ಉಳಿದಿರಲಿಲ್ಲ. ಇವನೂ ಬಾಣಂತನದಲ್ಲೇ ಜ್ವರ ಬಂದು ಹಾಲು ಕುಡಿಯುವುದನ್ನು ಬಿಟ್ಟಾಗ ಅತ್ತೆ ದೇವರಿಗೆ ಹೇಳಿಕೊಂಡರಂತೆ: ಈ ಮಗು ಉಳಿದರೆ ನಮ್ಮ ಮನೆಯ ನಾಯಿಯ ಕೊರಳಿಗೆ ಎಂದೂ ಹಗ್ಗ ಹಾಕುವುದಿಲ್ಲ, ಅದಕ್ಕೆ ಮೊದಲ ತುತ್ತು ಹಾಕದೆ ನಾನು ಅನ್ನ ಮುಟ್ಟುವುದಿಲ್ಲ. ಮಗು ಉಳಿಯಿತು. ಅಂದಿನಿಂದ ಒಂದಾದ ಮೇಲೊಂದು ನಾಯಿಗಳು ಆ ಮನೆಯಲ್ಲಿ ಹಗ್ಗ ಕಾಣದೆ ಬೆಳೆದು, ಮುದಿಯಾಗಿ ಸತ್ತಿವೆ. ನಾಯಿಯ ಕೊರಳಿಗೆ ಹಗ್ಗ ಬಿದ್ದರೆ ಅದು ಮಗನ ಕೊರಳಿಗೇ ಬಿದ್ದಂತೆ ಎಂದು ಅತ್ತೆಯ ನಂಬಿಕೆ. ಮಗ ನಲವತ್ತರ ಹತ್ತಿರ ಬಂದು, ಹೊಟ್ಟೆ ಬೆಳೆಸಿಕೊಂಡು, ತಲೆಗೂದಲು ಉದುರಿಸಿಕೊಂಡರೂ ಅವರ ಆ ಹೆದರಿಕೆ ಹೋಗಿರಲಿಲ್ಲ.

ಹೀಗಾಗಿ ಅತ್ತೆ ನೋಡಿದ ಚೆನ್ನೈ ಎಂದರೆ ಹಗ್ಗವಿಲ್ಲದ ನಾಯಿಯನ್ನು ಒಳಗೆ ಬಿಟ್ಟಷ್ಟು ಚೆನ್ನೈ ಮಾತ್ರ. ಅದು ತುಂಬ ಸಣ್ಣ ಊರು. ಪಾರ್ಕಿನ ಗೇಟಿನಲ್ಲಿ ಕಾವಲಿನವನು ಕೈ ಅಡ್ಡ ಹಿಡಿದ. ಮೈಲಾಪುರದ ದೇವಸ್ಥಾನಕ್ಕೆ ಹೋದರೆ ಚಪ್ಪಲಿ ಬಿಡುವ ಜಾಗದಲ್ಲೇ ನಿಂತು ಗೋಪುರಕ್ಕೆ ಕೈಮುಗಿದು ಬಂದರು. ಮದುವೆ ಮನೆಗಳಿಗೆ ಬರುತ್ತಲೇ ಇರಲಿಲ್ಲ. ಬೆಸೆಂಟ್ ನಗರದ ಸಮುದ್ರಕ್ಕೆ ಭಾನುವಾರ ಜನ ಸೇರುವ ಮುಂಚೆ ಹೋದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅಲ್ಲಿ ಕರಿಯ ಅಲೆಗಳಿಗೆ ಬೊಗಳುತ್ತಿದ್ದ, ಅತ್ತೆ ಸೀರೆ ಎತ್ತಿಕಟ್ಟಿಕೊಂಡು ಬಿದ್ದು ಬಿದ್ದು ನಗುತ್ತಿದ್ದರು. ಅದು ಬಿಟ್ಟರೆ ನಮ್ಮ ಬೀದಿ ಕೊನೆಯ ಟೀ ಅಂಗಡಿಯ ಹೊರಗಿನ ಬೆಂಚು. "ನಾನೇನ್ ಊರ್ ನೋಡಕ್ ಬಂದಿಲ್ಲ ಬುಡವ್ವ, ಮಗನ್ ಮನೇಲ್ ಇರಕ್ ಬಂದಿವ್ನಿ" ಅನ್ನುತ್ತಿದ್ದರು.

ಎರಡು ಸಾವಿರದ ಐದರ ಮಳೆಗಾಲದಲ್ಲಿ ಆ ಮಗನ ಮನೆಗೇ ನೀರು ನುಗ್ಗಿತು. ನಾವಿದ್ದ ಬೀದಿ ಒಂದು ಕಾಲದಲ್ಲಿ ಕೆರೆಯಂತೆ. ಬಾಡಿಗೆಗೆ ಕೊಡುವಾಗ ಯಾರೂ ಹೇಳಲಿಲ್ಲ. ಬೆಳಗ್ಗೆ ಎದ್ದರೆ ಚಪ್ಪಲಿಗಳು ನಡುಮನೆಯಲ್ಲಿ ತೇಲುತ್ತಿದ್ದವು, ಮಧ್ಯಾಹ್ನದ ಹೊತ್ತಿಗೆ ಫ್ರಿಡ್ಜು ಮಗುಚಿಬಿತ್ತು. ಮೇಲಿನ ಮನೆಯವರು ಒಳ್ಳೆಯವರು, "ವಾಂಗ ವಾಂಗ" ಎಂದು ಕರೆದು ಜಾಗ ಕೊಟ್ಟರು. ಆದರೆ ಅವರ ಮನೆಯಲ್ಲಿ ಹಸಿ ಬಾಣಂತಿ ಇದ್ದಳು, ನಾಯಿ ಬೇಡವೆಂದರು. ಅದನ್ನು ತಪ್ಪೆನ್ನಲಾರೆ. ಅತ್ತೆ ಕರಿಯನ ಜೊತೆ ತಾರಸಿಯ ಮೇಲೆ ನೀರಿನ ಟ್ಯಾಂಕಿನ ಅಡಿಯಲ್ಲಿ ಕೂತುಬಿಟ್ಟರು. ಮಂಜು ಛತ್ರಿ ಹಿಡಿದು ಅವರ ಪಕ್ಕದಲ್ಲಿ ಕೂತ. ಮರುದಿನ ಬೆಳಗ್ಗೆ ಅತ್ತೆಯ ಮೈ ಮುಟ್ಟಿದರೆ ಸುಡುತ್ತಿತ್ತು. ನಮ್ಮ ಮಗಳು ತೇಜು ಒಂದೇ ಸಮನೆ ಕೆಮ್ಮುತ್ತಿದ್ದಳು.

"ಏನಾದ್ರೂ ಆಗ್ಲಿ, ಇವತ್ತು ಇಲ್ಲಿಂದ ಹೊರಡ್ಲೇಬೇಕು" ಎಂದೆ.

ಬೀದಿಯಲ್ಲಿ ಮೀನುಗಾರರ ದೋಣಿಗಳು ಜನರನ್ನು ಸಾಗಿಸುತ್ತಿದ್ದವು. ನಮ್ಮನ್ನು ಹತ್ತಿಸಿಕೊಂಡ ದೋಣಿಯವನು ಯಾರಾದರೂ ಏನಾದರೂ ಹೇಳುವ ಮುಂಚೆಯೇ ಕರಿಯನನ್ನು ಎತ್ತಿ ಒಳಗೆ ಕೂರಿಸಿದ. ಆ ದಿನವೆಲ್ಲ ನಾವು ಕೇಳಿಕೊಳ್ಳದೆಯೇ ಜಾಗ ಕೊಟ್ಟವನು ಅವನೊಬ್ಬನೇ. ಅವನ ಮುಖ ಈಗ ನೆನಪಿಲ್ಲ.

ಮೇನ್ ರೋಡಿನಲ್ಲಿ ಇಳಿದ ಮೇಲೆ ಶುರುವಾಯಿತು ತಿರುಗಾಟ. ಕೈ ತೋರಿಸಿದ ಆಟೋ ನಿಲ್ಲುತ್ತಿತ್ತು, ಕರಿಯನನ್ನು ನೋಡುತ್ತಿತ್ತು, ಹೋಗುತ್ತಿತ್ತು. "ನಾಯ್ ಎಲ್ಲಾಂ ಏತ್ತ ಮಾಟ್ಟೇನ್ ಸಾರ್," ನಾಯಿಯನ್ನೆಲ್ಲ ಹತ್ತಿಸುವುದಿಲ್ಲ ಎಂದು ಒಬ್ಬ ಬಾಯಿಬಿಟ್ಟು ಹೇಳಿದ. ಉಳಿದವರು ಅಷ್ಟನ್ನೂ ಹೇಳಲಿಲ್ಲ. ಕೊನೆಗೆ ತರಕಾರಿ ವ್ಯಾನಿನವನೊಬ್ಬ ಖಾಲಿ ಬುಟ್ಟಿಗಳ ನಡುವೆ ನಮ್ಮನ್ನು ಕೂರಿಸಿಕೊಂಡು ಸೈದಾಪೇಟೆಯಲ್ಲಿ ಇಳಿಸಿದ.

ಸೈದಾಪೇಟೆಯ ಮೊದಲ ಲಾಡ್ಜಿನಲ್ಲಿ ಕೋಣೆ ಖಾಲಿಯಿತ್ತು. ಮೇಜಿನ ಹಿಂದೆ ಕೂತಿದ್ದವನು ಬೀಗದ ಕೈಯನ್ನೂ ಎತ್ತಿಕೊಂಡಿದ್ದ. ಅಷ್ಟರಲ್ಲಿ ಕರಿಯ ಮೈ ಕೊಡವಿದ. ಅವನು ಬಗ್ಗಿ ನೋಡಿದ.

"ಯಾರೋಡ ನಾಯ್?"

ನಮ್ಮದೇ ಎಂದು ಮಂಜು ತಮಿಳಿನಲ್ಲಿ ಹೇಳಿದ.

"ಬೆಲ್ಟ್ ಎಂಗೇ?"

ಬೆಲ್ಟ್ ಎಲ್ಲಿ ಎಂದರೆ ಏನು ಹೇಳುವುದು? ಮಂಜು ತಾಯಿಯ ಕಡೆ ನೋಡಿದ. ಬೆಲ್ಟ್ ಇಲ್ಲದ ಮೇಲೆ ಇದು ಬೀದಿನಾಯಿಯೇ ತಾನೇ ಎಂದು ಆ ಮನುಷ್ಯ ಹಲ್ಲು ಕಿರಿದ. ನನಗೆ ತಲೆ ಕೆಟ್ಟುಹೋಯಿತು. "ನಿನ್ನ ಕೊರಳಲ್ಲೂ ಬೆಲ್ಟ್ ಇಲ್ವಲ್ಲಯ್ಯಾ, ನೀನೂ ಬೀದಿಯವನೇನು?" ಎಂದು ನನ್ನ ಹರುಕು ಮುರುಕು ತಮಿಳಿನಲ್ಲಿ ಕೇಳಿಯೇಬಿಟ್ಟೆ. ಬೀಗದ ಕೈ ವಾಪಸ್ಸು ಮೊಳೆಗೆ ಹೋಯಿತು.

ಮುಂದಿನ ಲಾಡ್ಜಿನವನು ಸ್ವಲ್ಪ ಮೆತ್ತಗಿದ್ದ. ನಾಯಿಯನ್ನು ಹಿಂದುಗಡೆ ಜನರೇಟರಿನ ಹತ್ತಿರ ಕಟ್ಟಿಹಾಕಿ, ನೀವು ಮೇಲೆ ಮಲಗಿ ಎಂದ. ಅತ್ತೆ ಅಷ್ಟು ಕೇಳಿದ್ದೇ ತಡ, ತಿರುಗಿ ರಸ್ತೆಗಿಳಿದರು. ಆಮೇಲಿನ ಕಡೆಗಳಲ್ಲೂ ಎರಡರಲ್ಲೊಂದು ಮಾತೇ: ಬೆಲ್ಟ್ ಎಲ್ಲಿ, ಇಲ್ಲವೇ ಕಟ್ಟಿಹಾಕಿ.

ರಸ್ತೆ ಬದಿಯ ಅಂಗಡಿಯೊಂದರಲ್ಲಿ ಬೆಲ್ಟುಗಳು ತೂಗುತ್ತಿದ್ದವು. ನಾನು ಹೋಗಿ ಒಂದು ಕೆಂಪು ಬೆಲ್ಟು ಕೊಂಡು ತಂದೆ.

"ಏನವ್ವ ಅದು?" ಅತ್ತೆ ಕೇಳಿದರು.

"ಬೆಲ್ಟು, ಅತ್ತೆ. ರೂಮಿನ ಒಳಗೆ ಹೋಗೋವರೆಗೆ ಮಾತ್ರ. ಬಾಗಿಲು ಹಾಕಿದ ತಕ್ಷಣ ನಾನೇ ಬಿಚ್ಚಿಹಾಕ್ತೀನಿ. ನಿಮ್ಮ ಭೈರಪ್ಪ ಅಷ್ಟರಲ್ಲಿ ಬಂದು ನೋಡಲ್ಲ."

"ನನ್ ಮಗನ ಕೊಳ್ಗೆ ಆಕಂಗಿದ್ರೆ ಆಕು" ಅಂದರು. ಜ್ವರದಲ್ಲಿ ಕಣ್ಣು ಕೆಂಪಗಾಗಿತ್ತು. ಕೂಗಿ ಹೇಳಲಿಲ್ಲ, ಬೈಯಲಿಲ್ಲ, ಅಷ್ಟೇ ಅಂದರು. ನಾನು ಮಂಜುವಿನ ಮುಖ ನೋಡಿದೆ. ಅವನು ತೇಜುವನ್ನು ಎತ್ತಿಕೊಂಡು ಮುಂದೆ ನಡೆದ. ಬೆಲ್ಟನ್ನು ನನ್ನ ಚೀಲಕ್ಕೆ ತುರುಕಿಕೊಂಡೆ.

ಮಂಜುವಿನ ಸಹೋದ್ಯೋಗಿ ಹರಿದಾಸ ಅಣ್ಣಾನಗರದಲ್ಲಿದ್ದರು, ಮೈಸೂರಿನವರು. ಫೋನು ಮಾಡಿದರೆ ಕಾರು ತೆಗೆದುಕೊಂಡು ತಾವೇ ಬಂದರು. ಹಿಂದಿನ ಸೀಟಿನ ಮೇಲೆ ಹಳೆ ದುಪ್ಪಟಿ ಹಾಸಿ ಕರಿಯನನ್ನೂ ಕೂರಿಸಿಕೊಂಡರು. ಅವರ ಕಟ್ಟಡದ ಗೇಟಿನ ತನಕ ನಾನು ಇನ್ನು ಕಷ್ಟ ಮುಗಿಯಿತೆಂದೇ ತಿಳಿದಿದ್ದೆ. ಗೇಟಿನಲ್ಲಿ ಫಲಕ: ಸಾಕುಪ್ರಾಣಿಗಳಿಗೆ ಪ್ರವೇಶವಿಲ್ಲ. ಅವರ ಹೆಂಡತಿ ಸೀತಾ ಕೆಳಗಿಳಿದು ಬಂದರು.

"ಮೌನ, ನೀವೆಲ್ಲ ಮೇಲೆ ಬನ್ನಿ, ಬಿಸಿನೀರು ಕಾಯಿಸಿಟ್ಟಿದೀನಿ. ನಾಯಿ ಒಂದು ಕೆಳಗೆ ವಾಚ್‌ಮನ್ ಹತ್ರ ಇರ್ಲಿ. ಅಸೋಸಿಯೇಷನ್ ಅವ್ರು ನಮ್ಮನ್ನ ಸುಮ್ನೆ ಬಿಡಲ್ಲ ಕಣ್ರಿ, ಆಗ್ಲೇ ಒಂದು ಸಲ ಗಲಾಟೆ ಆಗಿದೆ."

ವಾಚ್‌ಮನ್ ಕರಿಯನನ್ನು ನೋಡಿದ, ಕರಿಯ ವಾಚ್‌ಮನ್‌ನನ್ನು ನೋಡಿ ಗುರ್ರೆಂದ. ಸರಪಳಿ ಇದೆಯಾ ಎಂದು ಅವನೂ ಕೇಳಿದ. "ಕರಿಯನ್ ಇಲ್ಲಾಮ ನಾ ವರಮಾಟ್ಟೇನ್," ಕರಿಯನಿಲ್ಲದೆ ನಾನು ಬರುವುದಿಲ್ಲ ಎಂದು ತೇಜು ಕಾರಿನಲ್ಲೇ ಕಾಲು ಚಾಚಿ ಕೂತಳು. ನಮ್ಮ ಮಗಳು ಮನೆಯಲ್ಲಿ ಕನ್ನಡದಲ್ಲಿ ಕೇಳಿದರೂ ಉತ್ತರ ಕೊಡುವುದು ತಮಿಳಿನಲ್ಲೇ.

ಅತ್ತೆ ನನ್ನ ಕೈ ಹಿಡಿದುಕೊಂಡರು. "ಮೌನವ್ವ, ಮಗೀನ್ ಕರ್ಕಂಡು ನೀನ್ ಮೇಲಕ್ಕೋಗು. ನಾನು ಇವ್ನೂ ಎಲ್ಲಾರ ಒಂದ್ ಜಗಲಿ ಮೇಲೆ ಇರ್ತೀವಿ. ನಮ್ಗೇನು."

"ಜಗಲಿ ಎಲ್ಲಿದೆ ಅತ್ತೆ ಈ ಊರಲ್ಲಿ? ತೋರಿಸಿ, ನಾನೂ ಬಂದು ಕೂತ್ಕೋತೀನಿ" ಎಂದು ಗದರಿದೆ. ಗದರಿದ ಮೇಲೆ ಅಳು ಬಂತು. ಸೀತಾ ಓಡಿಹೋಗಿ ಡಬ್ಬಿಯಲ್ಲಿ ಮೊಸರನ್ನ ತಂದರು, ಅತ್ತೆಗೆ ಒಣ ಸೀರೆ ತಂದರು. ಅವರೂ ಅಳುತ್ತಿದ್ದರು. ಯಾರನ್ನು ಬೈಯುವುದು?

ಆಗ ಮಂಜುವಿಗೆ ಸುಬ್ರಾಯರ ನೆನಪಾಯಿತು. ತಿರುವೊಟ್ಟಿಯೂರಿನ ಹೈರೋಡಿನಲ್ಲಿ ಉಡುಪಿ ಕಡೆಯ ಸುಬ್ರಾಯರದ್ದೊಂದು ಸಸ್ಯಾಹಾರಿ ಹೋಟೆಲು. ಎಣ್ಣೂರಿಗೆ ಕೆಲಸಕ್ಕೆ ಹೋಗುವಾಗ ಮಂಜು ದಿನಾ ಅಲ್ಲೇ ತಿಂಡಿ ತಿನ್ನುತ್ತಿದ್ದ. ಹರಿದಾಸ ಅದೇ ಕಾರಿನಲ್ಲಿ ನಮ್ಮನ್ನು ಅಲ್ಲಿಗೆ ಕರೆದೊಯ್ದರು. ಊರಿನ ಆ ತುದಿಯಿಂದ ಈ ತುದಿಗೆ ನಾಯಿಯೊಂದನ್ನು ಮೆರವಣಿಗೆ ಮಾಡಿದಂತಾಗಿತ್ತು.

ಸುಬ್ರಾಯರು ಗಲ್ಲಾದಿಂದ ಎದ್ದೇ ಬಂದರು. "ಎಂತ ಮಾರಾಯ್ರೆ ಇದು, ಪೂರಾ ಚಂಡಿ ಆಗಿದ್ದೀರಲ್ಲ, ಒದ್ದೆ ಮುದ್ದೆ! ಬನ್ನಿ ಬನ್ನಿ, ಮೇಲೆ ಹುಡುಗರ ಕೋಣೆ ಖಾಲಿ ಉಂಟು. ನೀರು ಇಳಿಯುವ ತನಕ ನಿಮ್ಮದೇ ಮನೆ ಅಂತ ಇರಿ."

"ನಾಯಿ ಇದೆ" ಎಂದ ಮಂಜು. ಮೊದಲೇ ಹೇಳಿಬಿಡುವುದನ್ನು ಅಷ್ಟರಲ್ಲಿ ಕಲಿತಿದ್ದ.

"ಇರ್ಲಿ, ಅದಕ್ಕೆಂತ? ಮನೆಯ ನಾಯಿಯನ್ನು ನೀರಿಗೆ ಬಿಟ್ಟು ಬರ್ಲಿಕ್ಕೆ ಆಗ್ತದಾ?" ಎಂದವರು ಅಡುಗೆಮನೆಯ ಕಡೆ ತಿರುಗಿ ನೋಡಿದರು. "ಒಂದೇ ಮಾತು. ಹಿಂದಿನ ಅಂಗಳದಲ್ಲಿ ಕಟ್ಟಿಹಾಕ್ಬೇಕು. ಅಡುಗೆಮನೆ ಉಂಟು, ಗಿರಾಕಿಗಳು ಉಂಟು. ಯಾರಾದ್ರೂ ಕಂಪ್ಲೇಂಟ್ ಕೊಟ್ರೆ ನನ್ನ ಹೋಟೆಲು ಮುಚ್ಚಿದ ಹಾಗೆಯೇ."

ಮಂಜು ಅತ್ತೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತ. "ಅವ್ವ, ನಂಗೇನೂ ಆಗಲ್ಲ ಕಣವ್ವ. ನೋಡು, ಗುಂಡುಕಲ್ಲಿನಂಗಿದೀನಿ. ಕಟ್ಟುಬುಡು ಅವ್ವ, ಕೈಮುಗೀತೀನಿ."

"ನಿಂಗೇನ್ಲಾ ಗೊತ್ತು? ಮೂರ್ ಮಕ್ಳ ಮಣ್ಣ್ ಮಾಡಿದ್ದು ನಾನು, ನೀನಲ್ಲ" ಅಂದರು ಅತ್ತೆ.

ಆಮೇಲೆ ಸುಬ್ರಾಯರ ಕಡೆ ತಿರುಗಿ ಹರಕೆಯ ಕತೆಯನ್ನೆಲ್ಲ ಹೇಳಿದರು. ಆ ಮನುಷ್ಯ ದೈವ ದೇವರೆಂದರೆ ಹೆದರುವವರು. ತಲೆ ಕೆರೆದುಕೊಂಡರು, ಒಳಗೆ ಹೋದರು, ಹೊರಗೆ ಬಂದರು. "ದೇವರ ವಿಷಯ ಅಂದ್ಮೇಲೆ ನಾನು ಎಂತ ಹೇಳುದು ಅಮ್ಮ? ಹಗ್ಗ ಬೇಡ. ನೀವೇ ಕೈಯಲ್ಲಿ ಹಿಡ್ಕೊಂಡು ಕೂತ್ಕೊಳ್ಳಿ. ಕೈ ಬಿಡ್ಬೇಡಿ, ಆಯ್ತಾ?"

"ಬುಡಾಕಿಲ್ಲ ಬುದ್ಧಿ" ಅಂದರು ಅತ್ತೆ. ಅವರ ಮುಖದಲ್ಲಿ ನೆಮ್ಮದಿ ಕಂಡದ್ದು ಆ ದಿನ ಆಗಲೇ. ನನಗೂ ಬೆನ್ನ ಮೇಲಿನ ಮೂಟೆ ಇಳಿದಂತಾಯಿತು. ದೇವರಿಗೂ ಸರಿ, ಹೋಟೆಲಿಗೂ ಸರಿ. ಹಗ್ಗದ ಜಾಗದಲ್ಲಿ ಒಬ್ಬ ಜ್ವರದ ಮುದುಕಿಯ ಕೈಯನ್ನಿಟ್ಟು ಎಲ್ಲರೂ ಸಮಾಧಾನ ಮಾಡಿಕೊಂಡೆವು, ಕಲಿತವರು, ಎಂಜಿನಿಯರು, ಲೆಕ್ಕದ ಟೀಚರು ಎಲ್ಲರೂ. ನಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ.

ಹಿಂದಿನ ಅಂಗಳದಲ್ಲಿ ಒಂದು ಕಡೆ ಸೌದೆ, ಇನ್ನೊಂದು ಕಡೆ ಎಣ್ಣೆ ಡಬ್ಬಗಳು, ಮೂಲೆಯಲ್ಲಿ ಎಂಜಲೆಲೆಯ ತೊಟ್ಟಿ. ಓಣಿಗೆ ತೆರೆಯುವ ಬಾಗಿಲಿಗೆ ಅರ್ಧ ಹಲಗೆಯಷ್ಟೇ ಇತ್ತು. ಅತ್ತೆ ಗೋಡೆಗೆ ಒರಗಿ ಕೂತು, ಕರಿಯನನ್ನು ತೊಡೆಯ ಪಕ್ಕ ಮಲಗಿಸಿಕೊಂಡು, ಅವನ ಕತ್ತಿನ ಸುತ್ತ ಕೈ ಹಾಕಿದರು. ಸೀತಾ ಕೊಟ್ಟ ಮೊಸರನ್ನದಲ್ಲಿ ಮೊದಲ ತುತ್ತು ಅವನಿಗೆ ಕೊಟ್ಟು ತಾವೂ ಉಂಡರು. ನಾನು ಜ್ವರದ ಮಾತ್ರೆ ಕೊಟ್ಟೆ. "ಸ್ವಲ್ಪ ಹೊತ್ತು ನಾನು ಹಿಡ್ಕೋತೀನಿ, ನೀವು ಮಲಗಿ" ಎಂದರೆ ಒಪ್ಪಲಿಲ್ಲ. ನಾನು ತೇಜುವಿಗೆ ಸ್ನಾನ ಮಾಡಿಸಲು ಮೇಲಕ್ಕೆ ಹೋದೆ. ಮಂಜು ಇನ್ನಷ್ಟು ಮಾತ್ರೆ, ನಮಗೆ ಒಣಬಟ್ಟೆ ತರಲು ಅಂಗಡಿಗೆ ಹೋದ.

ಸಂಜೆ ತಿಂಡಿಯ ಹೊತ್ತಿಗೆ ಎಂಜಲೆಲೆಯ ತೊಟ್ಟಿಯನ್ನು ಓಣಿಗೆ ಎಳೆದಿದ್ದಾರೆ. ಅದಕ್ಕೆಂದೇ ಕಾಯುತ್ತಿದ್ದ ಆ ಬೀದಿಯ ನಾಯಿಗಳೆಲ್ಲ ಒಟ್ಟಿಗೆ ಬಂದಿವೆ. ನನಗೆ ಮೇಲೆ ಕೇಳಿಸಿದ್ದು ಮೊದಲು ಗುರುಗುಟ್ಟುವುದು, ಆಮೇಲೆ ನಾಯಿಗಳ ಕಚ್ಚಾಟ, ಆಮೇಲೆ ಅತ್ತೆಯ ದನಿ: "ಕರಿಯಾ! ಬಾರ್ಲಾ! ಬಾರ್ಲಾ ಇಲ್ಲಿ!" ಒದ್ದೆ ಕೈಯಲ್ಲೇ ಮೆಟ್ಟಿಲಿಳಿದು ಓಡಿದೆ. ಅರ್ಧ ಹಲಗೆಯ ಆಚೆ ಅತ್ತೆ ಮೊಣಕಾಲೂರಿ ಬಿದ್ದಿದ್ದರು. ಓಣಿಯ ಕೊನೆಯಲ್ಲಿ ಒಂದು ಹಿಂಡು ನಾಯಿಗಳು, ಅವುಗಳ ಮುಂದೆ ಒಂದು ಕಪ್ಪು ನಾಯಿ, ಎಲ್ಲವೂ ಹೈರೋಡಿನ ಬಸ್ಸು ಲಾರಿಗಳ ನಡುವೆ ನುಗ್ಗಿದವು. ನಾನು ರಸ್ತೆಗೆ ಬರುವಷ್ಟರಲ್ಲಿ ಆ ನಾಯಿಗಳು ತಿರುಗಿ ಬರುತ್ತಿದ್ದವು. ಕರಿಯನಿರಲಿಲ್ಲ.

ಮಾತ್ರೆಯ ಮಂಪರಿನಲ್ಲಿ ಅತ್ತೆಗೆ ಒಂದು ಗಳಿಗೆ ಕಣ್ಣು ಹತ್ತಿತ್ತು. ಅಷ್ಟೇ ಆಗಿದ್ದು.

ಕತ್ತಲಾಗುವ ತನಕ ಹುಡುಕಿದೆವು. ಸುಬ್ರಾಯರ ಹುಡುಗರು, ಮಂಜು, ನಾನು, ಸಮುದ್ರದ ಕಡೆಗೊಬ್ಬರು, ರೈಲು ಹಳಿಯ ಕಡೆಗೊಬ್ಬರು. ಯಾರನ್ನು ಕೇಳಿದರೂ ಗುರುತು ಏನು ಎನ್ನುತ್ತಿದ್ದರು. ಕಪ್ಪು ನಾಯಿ. ಬೆಲ್ಟ್ ಇದೆಯಾ? ಇಲ್ಲ. ಬಿಳಿ ಮಚ್ಚೆ? ಇಲ್ಲ. ಹಾಗೆಂದರೆ ಜನ ಕೈ ಚಾಚಿ ತೋರಿಸುತ್ತಿದ್ದರು: ಅಗೋ ಅಲ್ಲೊಂದು, ಇಗೋ ಇಲ್ಲೊಂದು. ತಿರುವೊಟ್ಟಿಯೂರಿನಲ್ಲಿ ಎಷ್ಟು ಕಪ್ಪು ನಾಯಿಗಳಿವೆಯೆಂದು ನನಗೆ ಆವತ್ತು ಗೊತ್ತಾಯಿತು. ಒಂದೊಂದನ್ನು ಕಂಡಾಗಲೂ ಕರಿಯಾ ಎಂದು ಕೂಗಿ ಹತ್ತಿರ ಹೋಗಿ ನೋಡುತ್ತಿದ್ದೆ.

ವಾಪಸ್ಸು ಬಂದಾಗ ಅತ್ತೆ ಅದೇ ಗೋಡೆಗೆ ಒರಗಿ ಕೂತಿದ್ದರು. ನನ್ನೊಳಗೆ ಬೆಳಗಿನಿಂದ ತುಂಬಿಕೊಂಡಿದ್ದೆಲ್ಲ ಒಮ್ಮೆಲೇ ಬಾಯಿಗೆ ಬಂತು. ಚೀಲದಿಂದ ಬೆಲ್ಟು ತೆಗೆದು ಅವರ ಮುಂದೆ ಎಸೆದೆ.

"ಒಂದು ಬೆಲ್ಟು ಅತ್ತೆ! ಒಂದೇ ಒಂದು ಬೆಲ್ಟು! ಹಾಕಿದ್ರೆ ಯಾರಾದ್ರೂ ಸಾಕಿದ ನಾಯಿ ಅಂತ ಹಿಡಿದಿಟ್ಕೋತಿದ್ರು. ಎಲ್ಲಿ ನಿಮ್ಮ ಭೈರಪ್ಪ? ತನ್ನ ನಾಯೀನೇ ಕಾಯಕ್ಕಾಗ್ಲಿಲ್ವಲ್ಲ!"

ಮಂಜು "ಮೌನ, ಸಾಕು" ಎಂದ. ಅತ್ತೆ ತಲೆಯೆತ್ತಿ ನನ್ನನ್ನಲ್ಲ, ಅವನನ್ನು ನೋಡಿದರು. ತಲೆಯಿಂದ ಕಾಲಿನವರೆಗೆ ನೋಡಿದರು.

"ನನ್ ಮಗ ಅವ್ನಲ್ಲವ್ವ" ಅಂದರು. ನನ್ನ ಮಗ ಇದ್ದಾನಲ್ಲ ಎಂದು.

ಎಸೆದ ಬೆಲ್ಟನ್ನು ನಾನೇ ಬಗ್ಗಿ ಎತ್ತಿಕೊಂಡೆ.

ನೀರು ಇಳಿದ ಮೇಲೂ ಅತ್ತೆ ವೇಲಚೇರಿಗೆ ಬರಲೊಪ್ಪಲಿಲ್ಲ. ಕರಿಯ ಹುಡುಕಿಕೊಂಡು ಬಂದರೆ ಇಲ್ಲಿಗೇ ಬರುತ್ತಾನೆ, ನಾನಿಲ್ಲದಿದ್ದರೆ ಎಲ್ಲಿಗೆ ಹೋಗುತ್ತಾನೆ ಎಂದರು. ಸುಬ್ರಾಯರೇ ಓಡಾಡಿ ಹೋಟೆಲಿನ ಹಿಂದಿನ ಓಣಿಯಲ್ಲಿ ಮಹಡಿಯ ಮನೆಯೊಂದನ್ನು ಕೊಡಿಸಿದರು. "ನನ್ನ ಮಾತಿನಿಂದಲೇ ಆಯ್ತು ಮಾರಾಯ್ರೆ, ಹಗ್ಗ ಬೇಡ ಅಂತ ನಾನು ಯಾಕೆ ಹೇಳಿದ್ನೋ" ಎಂದು ಸಿಕ್ಕಿದಾಗೆಲ್ಲ ಪೇಚಾಡುತ್ತಿದ್ದರು. ಅಲ್ಲಿಂದ ಅಡ್ಯಾರಿನ ಶಾಲೆಗೆ ಬಸ್ಸಿನಲ್ಲಿ ಹೋಗಿ ಬರುವಷ್ಟರಲ್ಲಿ ನನ್ನ ಜೀವ ಅರ್ಧವಾಗುತ್ತಿತ್ತು. ಆದರೂ ಬೇಡವೆನ್ನುವ ಧೈರ್ಯ ನನಗಿರಲಿಲ್ಲ.

ಅತ್ತೆ ಅನ್ನ ಬಿಟ್ಟರು. ಹಟವೆಂದು ಮೊದಲು ತಿಳಿದೆ. ಹಟವಲ್ಲ, ಅವರಿಗೆ ನಿಜವಾಗಿಯೂ ದಾರಿಯೇ ಇರಲಿಲ್ಲ. ತಟ್ಟೆಯ ಮುಂದೆ ಕೂರುತ್ತಿದ್ದರು, ಮೊದಲ ತುತ್ತು ಕಲಸುತ್ತಿದ್ದರು, ಕೈ ಅಲ್ಲೇ ನಿಲ್ಲುತ್ತಿತ್ತು. ಬೀದಿಯ ನಾಯಿಗೆ ಹಾಕಿ ಉಣ್ಣಿ ಎಂದರೆ, ಅದು ನಮ್ಮ ಮನೆಯ ನಾಯಿಯಲ್ಲ, ಕರಿಯ ಎಲ್ಲೋ ಬದುಕಿರುವಾಗ ಅವನ ತುತ್ತನ್ನು ಇನ್ನೊಂದಕ್ಕೆ ಕೊಡಲೇ ಎನ್ನುತ್ತಿದ್ದರು. ಬಾಳೆಹಣ್ಣು, ಹಾಲು, ಕಾಫಿ, ಅಷ್ಟೇ. ಬಳೆಗಳು ಮೊಣಕೈ ತನಕ ಜಾರತೊಡಗಿದವು. ಬೆಳಗಾದರೆ ಕಿಟಕಿಯಲ್ಲಿ ಕೂತು ಓಣಿ ನೋಡುವುದು, ಕಪ್ಪಗೆ ಏನಾದರೂ ಸುಳಿದರೆ "ಬಾರ್ಲಾ" ಎಂದು ಕೂಗುವುದು. ಡಾಕ್ಟರು ಹೀಗೇ ಆದರೆ ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಬೇಕಾಗುತ್ತದೆ ಎಂದು ಮಂಜುವಿಗೆ ಹೇಳಿದರು. ಅವನು ಕೆಲಸ ಮುಗಿದ ಮೇಲೆ ಎಣ್ಣೂರು, ಮಣಲಿ, ಎಲ್ಲ ಕಡೆ ಹುಡುಕುತ್ತಿದ್ದ. ಮನೆಗೆ ಬಂದರೆ ತಾಯಿಯ ಮುಖ ನೋಡಲಾರದೆ ನೇರ ಬಚ್ಚಲಿಗೆ ಹೋಗುತ್ತಿದ್ದ.

ಒಂದು ಶನಿವಾರ ಮಧ್ಯಾಹ್ನ ಮೆಟ್ಟಿಲ ಮೇಲೆ ಉಗುರಿನ ಸದ್ದು ಕೇಳಿಸಿತು. "ಅವ್ವ, ನೋಡವ್ವ ಯಾರು ಬಂದವ್ನೆ" ಎನ್ನುತ್ತಾ ಮಂಜು ಒಳಗೆ ಬಂದ. ಅವನ ಹಿಂದೆ ಕರಿಯ.

ನಾನು ಕೈಯಲ್ಲಿದ್ದ ಸೌಟು ಬಿಟ್ಟೆ. ಅದೇ ಕಪ್ಪು, ಅದೇ ಎತ್ತರ, ಅದೇ ಕಿವಿ. ತೇಜು ಕಿರುಚಿಕೊಂಡು ಓಡಿಬಂದು ಅವನ ಕತ್ತು ತಬ್ಬಿದಳು. ನಾಯಿ ಸಂತೋಷಕ್ಕೆ ಅವಳ ಮೇಲೆ ಹಾರಿತು. "ಡೇಯ್, ಉಕ್ಕಾರು! ಉಕ್ಕಾರು!" ಕೂತ್ಕೋ ಎಂದು ತಮಿಳಿನಲ್ಲಿ ನಗುತ್ತ ಕೂಗಿದಳು.

ನಾಯಿ ತಟ್ಟನೆ ಕೂತಿತು. ಕೂತು ಮುಂಗಾಲನ್ನು ಎತ್ತಿ ಅವಳ ಕೈಯಲ್ಲಿಟ್ಟಿತು.

ಕರಿಯ ಜನ್ಮದಲ್ಲಿ ಯಾರ ಮಾತಿಗೂ ಕೂತವನಲ್ಲ. ಅವನಿಗೆ ತಮಿಳೂ ತಿಳಿಯುತ್ತಿರಲಿಲ್ಲ. ತೇಜು ತಬ್ಬಿದ್ದ ಕೈ ಬಿಟ್ಟಳು. ಮಂಜು ನೆಲ ನೋಡುತ್ತ ನಿಂತಿದ್ದ.

ಅತ್ತೆ ಹಾಸಿಗೆಯಿಂದ ಎದ್ದು ಕೂತರು. "ಬಾಪ್ಪ" ಎಂದು ಕೈ ಚಾಚಿ ನಾಯಿಯನ್ನು ಹತ್ತಿರ ಕರೆದರು, ತಲೆ ಸವರಿದರು, ಕಿವಿಯ ಹಿಂದೆ ತುರಿಸಿದರು. ಪಕ್ಕದಲ್ಲಿ ನಾನಿಟ್ಟಿದ್ದ ತಟ್ಟೆ ಹಾಗೇ ಇತ್ತು. ಅನ್ನ ಸಾರು ಕಲಸಿ ತುತ್ತು ಕಟ್ಟಿ ಅದರ ಬಾಯಿಗೆ ಹಿಡಿದರು. ಹಸಿದಿತ್ತೋ ಏನೋ, ಗಬಗಬ ತಿಂದಿತು. ಇನ್ನೊಂದು ತುತ್ತು ಕೊಟ್ಟರು, ಮತ್ತೊಂದು ಕೊಟ್ಟರು. ಸುಳ್ಳಾದರೂ ಸರಿ, ಹೂಂ ಅಂದುಬಿಡಲಿ, ಇದೇ ಕರಿಯ ಅಂದುಬಿಡಲಿ, ಒಂದು ತುತ್ತು ಉಣ್ಣಲಿ ಎಂದು ನಾನು ನಂಬದ ಭೈರಪ್ಪನಿಗೆ ಬೇಡಿಕೊಂಡೆ.

"ಅತ್ತೆ, ಅದು ಉಂಡಿತಲ್ಲ. ಈಗ ನೀವು ಉಣ್ಣಿ" ಎಂದೆ.

ಅವರು ಸೆರಗಿಗೆ ಕೈ ಒರೆಸಿಕೊಂಡರು. "ಎಲ್ಲಿ ಸಿಕ್ತ್ಲಾ ಇದು?" ಎಂದು ಮಗನನ್ನು ಕೇಳಿದರು.

"ಮಣಲಿ ರೋಡಲ್ಲಿ, ಅವ್ವ. ಟೀ ಅಂಗಡಿ ಮುಂದೆ."

"ಬನ್ ತೋರ್ಸಿ ಕರ್ಕಂಡ್ ಬಂದ್ಯಾ?"

ಮಂಜು ಗೋಡೆಗೆ ಒರಗಿ ಹಾಗೇ ಕೆಳಗೆ ಕೂತ. ಮುಖ ಮುಚ್ಚಿಕೊಂಡು ಚಿಕ್ಕ ಮಗುವಿನ ಹಾಗೆ ಅತ್ತ. "ನೀನ್ ಉಣ್ತಿಲ್ವಲ್ಲ ಅವ್ವ. ನಾನೇನ್ ಮಾಡ್ಲಿ? ಎಲ್ಲಿ ಅಂತ ಉಡುಕ್ಲಿ?"

ಅತ್ತೆ ಅವನು ಅತ್ತು ಮುಗಿಸುವ ತನಕ ನಾಯಿಯ ತಲೆ ಸವರುತ್ತಲೇ ಇದ್ದರು.

"ಕೂತ್ಕೋ ಅಂದ್ರೆ ಕೂತ್ಕತದೆ, ಕೈ ಕೊಡ್ತದೆ. ಯಾವಳೋ ಮಗೀನಂಗೆ ಸಾಕವ್ಳೆ ಕಣ್ಲಾ ಇದ್ನ. ಈಗ ಎಸ್ರಿಡಿದು ಕೂಗ್ಕಂಡು ಬೀದಿ ಬೀದಿ ತಿರುಗ್ತಾ ಇರ್ತಾಳೆ. ಎದ್ದೇಳು. ಕತ್ಲಾಗದ್ರೊಳ್ಗೆ ಎಲ್ಲಿಂದ ತಂದ್ಯೋ ಅಲ್ಗೇ ಬುಟ್ ಬಾ."

"ಅವ್ವಾ..."

"ಓಗು ಮಗ. ನಮ್ ಕರಿಯನ್ನೂ ಇಂಗೇ ಯಾರೋ ಬನ್ ತೋರ್ಸಿ ಕರ್ಕಂಡೋಗಿರ್ತಾರೆ. ಅವ್ರ ಮನೇಲೂ ಇಂಗೆ ಬುಟ್ ಬಾ ಅನ್ನೋರು ಯಾರಾರ ಇರ್ಲಿ."

ಮಂಜು ಕಣ್ಣೊರೆಸಿಕೊಂಡು ಎದ್ದ, ಚಪ್ಪಲಿ ಮೆಟ್ಟಿದ. ಯಾರೂ ಕರೆಯದೆಯೇ ನಾಯಿ ಅವನ ಹಿಂದೆ ಮೆಟ್ಟಿಲಿಳಿಯಿತು. ತೇಜು ಕಿಟಕಿಯ ಹತ್ತಿರ ಹೋಗಿ ನಿಂತಳು. ಅತ್ತೆ ಉಳಿದ ಅನ್ನದ ತಟ್ಟೆಯನ್ನು ನನ್ನ ಕಡೆ ಸರಿಸಿ, "ತಗಂಡೋಗವ್ವ" ಎಂದು ಗೋಡೆಯ ಕಡೆ ತಿರುಗಿ ಮಲಗಿದರು.